ಸೈನಿಕರು ಮಲಗೆದ್ದ ಸೊಪ್ಪಿನಿಂದ ಹುಟ್ಟಿದ ಟೀ

ಈ ವಾರ ದೂರದ ಚೀನಾದ ಒಂದು ಟೀ ಬಗ್ಗೆ ಬರೀತಿದ್ದೀನಿ. ಕಾರಣ ಇದೆ. ಮೂರು ವರ್ಷದ ಹಿಂದೆ ಕೊಯ್ಲಿನ ಹೊತ್ತಿಗೆ ಮಳೆ ಹಿಡ್ಕೊಂಡು, ಆಳು ಸಿಗದೆ, ಕಾಫಿ ಹಣ್ಣನ್ನ ಎರಡು ರಾತ್ರಿ ಚೀಲದಲ್ಲೇ ಬಿಟ್ಟಿದ್ದೆ. ಕೈ ಹಾಕಿದ್ರೆ ಒಳಗೆಲ್ಲ ಬಿಸಿ, ಹುಳಿ ವಾಸನೆ. ಕೊಳ್ಳೋರು ರೇಟು ಇಳಿಸಿದ್ರು. ಆಗ ಗೆಳೆಯನೊಬ್ಬ ಈ ಟೀ ಕಥೆ ಹೇಳಿ, "ಕೆಟ್ಟ ಮಾಲೂ ಒಂದೊಂದ್ಸಲ ಬಂಗಾರ ಆಗುತ್ತೆ ಕಣೋ" ಅಂತ ಸಮಾಧಾನ ಮಾಡಿದ. ಆಮೇಲೆ ಓದಿದಾಗ ಗೊತ್ತಾಯ್ತು, ವಿಷಯ ಅಷ್ಟು ಸರಳ ಅಲ್ಲ.

ಟೀ ಹೆಸರು ಲ್ಯಾಪ್ಸಾಂಗ್ ಸೂಚಾಂಗ್. ಊರು ಫೂಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟಗಳ ನಡುವಿನ ತೊಂಗ್ಮು ಹಳ್ಳಿ. ಬ್ಲ್ಯಾಕ್ ಟೀ ಅಂದ್ರೆ ನಾವು ಹಾಲು ಹಾಕದ ಟೀ ಅಂದ್ಕೋತೀವಿ. ಇಲ್ಲಿ ಹಾಗಲ್ಲ, ಎಲೆಯನ್ನ ಪೂರ್ತಿ ಕಪ್ಪಾಗಿಸಿ ಒಣಗಿಸಿದ ಟೀ ಅಂತ ಅರ್ಥ. ಚೀನೀಯರು ಲೋಟದ ಬಣ್ಣ ನೋಡಿ ಅದನ್ನೇ ಕೆಂಪು ಟೀ ಅಂತಾರೆ. (ನಮ್ಮ ಬಾಯಲ್ಲಿರೋ 'ಟೀ' ಅನ್ನೋ ಪದವೂ ಫೂಜಿಯಾನ್ ಕರಾವಳಿಯ ಆಡುಮಾತಿನಿಂದ ಬಂದದ್ದು!)

ಕಥೆ ಹೀಗಿದೆ. 17ನೇ ಶತಮಾನದಲ್ಲಿ ಮಿಂಗ್ ದೊರೆತನ ಮುಗಿದು ಚಿಂಗ್ ಶುರುವಾಗೋ ಗಲಾಟೆಯ ಕಾಲ. ಟೀ ಕೊಯ್ಲಿನ ಹೊತ್ತಲ್ಲೇ ಸೈನ್ಯ ಹಳ್ಳಿಗೆ ನುಗ್ಗಿತು. ರೈತರು ಕಾಡಿಗೆ ಓಡಿದ್ರು. ಸೈನಿಕರು ಕೊಯ್ದಿಟ್ಟ ಹಸಿ ಸೊಪ್ಪಿನ ಮೇಲೇ ಮಲಗಿದ್ರು. ವಾಪಸ್ ಬಂದು ನೋಡಿದ್ರೆ ಸೊಪ್ಪು ಕಪ್ಪಾಗಿ ಅಂಟಂಟಾಗಿದೆ. ವರ್ಷದ ದುಡಿಮೆ ಬಿಸಾಡೋಕೆ ಮನಸ್ಸಾಗದೆ, ಕೈಗೆ ಸಿಕ್ಕ ಪೈನ್ ಸೌದೆ ಉರಿಸಿ ಅವಸರದಲ್ಲಿ ಒಣಗಿಸಿ ಪೇಟೆಗೆ ಒಯ್ದರು. ಊರಿನವರು ಮೂಸಲಿಲ್ಲ. ಡಚ್ ವ್ಯಾಪಾರಿಗಳು ಕೊಂಡ್ರು, ಮುಂದಿನ ವರ್ಷ ಹೆಚ್ಚು ದುಡ್ಡು ಕೊಟ್ಟು ಅದನ್ನೇ ಕೇಳಿದ್ರು. ಇದು ದಂತಕಥೆ, ದಾಖಲೆ ಅಲ್ಲ.

ಆದ್ರೆ ಕಥೆಯೊಳಗಿನ ಕೃಷಿ ಸರಿಯಾಗೇ ಇದೆ. ಬದನೆಕಾಯಿ ಹೆಚ್ಚಿಟ್ರೆ ಕಪ್ಪಾಗಲ್ವಾ? ಹಾಗೇ ಟೀ ಎಲೆ ಜಜ್ಜಿದಾಗ ಅದರೊಳಗಿನ ಕಿಣ್ವ ಗಾಳಿ ಜೊತೆ ಸೇರಿ ಬಣ್ಣ, ರುಚಿ ಬದಲಿಸುತ್ತೆ. ಸರಿಯಾದ ಹೊತ್ತಿಗೆ ಬಿಸಿ ಕೊಟ್ರೆ ಅಲ್ಲಿಗೇ ನಿಲ್ಲುತ್ತೆ. ಟೀ ಕೆಲಸದವರು ಇದನ್ನ ಹುದುಗು ಅಂತಾರೆ, ಆದ್ರೆ ಇದು ಇಡ್ಲಿ ಹಿಟ್ಟಿನ ಹುದುಗಲ್ಲ. ನನ್ನ ಚೀಲದಲ್ಲಿ ಆಗಿದ್ದು ಅದು: ಯೀಸ್ಟು, ಬ್ಯಾಕ್ಟೀರಿಯಾ ಹಣ್ಣಿನ ಸಕ್ಕರೆ ತಿಂದು ಹುಳಿ ಬರಿಸಿದ್ದು. ಅದನ್ನ ಯಾವ ಬೆಂಕಿಯೂ ಸರಿ ಮಾಡಲ್ಲ. ಗೆಳೆಯನ ಸಮಾಧಾನ ಅಲ್ಲೇ ತಪ್ಪಿದ್ದು.

ತೊಂಗ್ಮುನಲ್ಲಿ ಮರದ ಅಂತಸ್ತಿನ ಹೊಗೆಮನೆ ಇರುತ್ತೆ. ಕೆಳಗೆ ಪೈನ್ ಉರಿ, ಮೇಲೆ ಬಿದಿರ ಚಾಪೆಯಲ್ಲಿ ಎಲೆ ಬಾಡಿಸ್ತಾರೆ. ಉಜ್ಜಿ ಸುರುಳಿ ಮಾಡಿ, ಕಪ್ಪಾಗಲು ಬಿಟ್ಟು, ಬಿಸಿ ಬಾಣಲೆಯಲ್ಲಿ ತಿರುವಿ, ಕೊನೆಗೆ ಮತ್ತೆ ಹೊಗೆಯಲ್ಲಿ ಒಣಗಿಸ್ತಾರೆ. ಡಬ್ಬಿ ತೆಗೆದ್ರೆ ಹಳೇ ಮನೆಯ ಒಲೆ ಮೇಲಿನ ಅಟ್ಟದ ವಾಸನೆ. ಮೊದಲ ಗುಟುಕಿಗೆ ಮುಖ ಕಿವುಚಿದೆ, ಸುಳ್ಳು ಹೇಳಲ್ಲ. ಮೂರನೇ ಗುಟುಕಿಗೆ ಹೊಗೆಯ ಹಿಂದೆ ಒಣಹಣ್ಣಿನಂಥ ಸಿಹಿ ಸಿಕ್ತು. ಚೀನೀಯರು ಅದನ್ನ ಲಾಂಗನ್ ಹಣ್ಣಿಗೆ ಹೋಲಿಸ್ತಾರೆ. ಅದು ನಮ್ಮಲ್ಲೀಗ ಬೆಳೀತಿರೋ ರಂಬುಟಾನ್ ಕುಟುಂಬದ್ದೇ.

ಹಾಗಂತ ನಾವೂ ಹೊಗೆ ಹಾಕೋಣ ಅನ್ಬೇಡಿ. ಏಲಕ್ಕಿಗೋ ಕಾಫಿಗೋ ಹೊಗೆ ವಾಸನೆ ಹಿಡಿದ್ರೆ ರೇಟು ಬೀಳುತ್ತೆ. ಈ ಟೀಗೂ ಈಗ ಕಷ್ಟ ಇದೆ: ಹೊಗೆಯಿಂದ ಆಂತ್ರಾಕ್ವಿನೋನ್ ಸೇರ್ಕೊಳ್ಳುತ್ತೆ, ಯುರೋಪಿನ ಮಿತಿ ಕೆಜಿಗೆ ಬರೀ 0.02 ಮಿಲಿಗ್ರಾಂ. ತೊಂಗ್ಮುನವರೂ ಹೊಗೆಯಿಲ್ಲದ ಟೀ ಮಾಡ್ತಾರೆ. 2005ರಲ್ಲಿ ಬರೀ ಮೊಗ್ಗಿನಿಂದ ಮಾಡಿದ 'ಜಿನ್ ಜುನ್ ಮೇ' ಈಗ ಚೀನಾದ ದುಬಾರಿ ಟೀಗಳಲ್ಲೊಂದು.

ಸಿಕ್ಕರೆ ಕುಡಿದು ನೋಡಿ. 3 ಗ್ರಾಂ ಎಲೆ, 150 ಮಿಲಿ ಕುದಿವ ನೀರು, ಎರಡು ಮೂರು ನಿಮಿಷ ಮುಚ್ಚಿಟ್ಟು ಸೋಸಿ. ಹಾಲು ಬೇಡ. ಡಬ್ಬಿ ಮಾತ್ರ ಬಿಗಿಯಾಗಿ ಮುಚ್ಚಿಡಿ. ನಮ್ಮನೆಯಲ್ಲಿ ಪಕ್ಕದಲ್ಲಿದ್ದ ಕಾಫಿಪುಡಿಗೂ ಹೊಗೆ ಹತ್ತಿ ಒಂದು ವಾರ ಬೈಸಿಕೊಂಡಿದ್ದೀನಿ.