ಹದಿನೈದಡಿ ಅಂತ ಸದರ ಮಾಡಬೇಡ

ತಮ್ಮಾ, ತೋರಣಗಲ್ಲಿನ ಕಾರ್ಖಾನೆಯೊಳಗೆ ಕೆಲಸಕ್ಕೆ ಹೋದ ದಿನ ನೀನು ಬೇರೆಯೇ ಮನುಷ್ಯ. ತಲೆಗೆ ಹೆಲ್ಮೆಟ್, ಕಾಲಿಗೆ ಶೂ, ಮೈಗೆ ಎರಡು ಹುಕ್ಕಿನ ಬೆಲ್ಟು. ಎತ್ತರದ ಕೆಲಸಕ್ಕೆ ಪರ್ಮಿಟ್ ಕೈಗೆ ಬರುವ ತನಕ ನಿಚ್ಚಣಿಕೆ ಮುಟ್ಟುವುದಿಲ್ಲ. ಒಂದು ಹುಕ್ಕು ಬಿಚ್ಚುವ ಮುಂಚೆ ಇನ್ನೊಂದನ್ನು ಸಿಕ್ಕಿಸುತ್ತೀ. ಅದೇ ನೀನು ರಜೆಯ ದಿನ ಕಂಪ್ಲಿ ಕಡೆ ಅಕ್ಕಿ ಗಿರಣಿಯ ಶೀಟು ಬದಲಿಸೋಕೆ ಹೋದಾಗ ಬರಿಗಾಲು, ಬರಿದಲೆ. ಕೇಳಿದರೆ, 'ಅಲ್ಲಿ ಸೇಫ್ಟಿಯವರು ನೋಡ್ತಾರೆ ಕಾಕಾ, ಇಲ್ಲಿ ಯಾರು ಕೇಳ್ತಾರೆ?' ಅನ್ನುತ್ತೀ. ಈ ಮಾತೇ ನನ್ನನ್ನು ಚಿಂತೆಗೆ ಹಚ್ಚಿದೆ. ಬೆಲ್ಟು ಹಾಕೋದು ಗೇಟಿನವರ ಸಲುವಾಗಿ ಅಂತ ನಿನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಗೇಟು ದಾಟಿದ ಮೇಲೂ ಬೀಳುವ ಮೈ ನಿನ್ನದೇ ಅಲ್ಲವೇನಪ್ಪಾ?

ಹಂಪಿಯ ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಸುಮಾರು 50 ಮೀಟರ್ ಎತ್ತರ. ಅದಕ್ಕೆ ಸಾರವೆ ಕಟ್ಟಿ ನಿನ್ನನ್ನು ಹತ್ತು ಅಂದರೆ, ಯಾರೂ ಹೇಳದೆ ನೀನೇ ಹಗ್ಗ ಕೇಳುತ್ತೀ. ಅಷ್ಟೆತ್ತರದಲ್ಲಿ ಕಣ್ಣೇ ಎಚ್ಚರಿಸುತ್ತದೆ. ನಮ್ಮವರು ಬೀಳುವುದು ಅಂಥ ಕಡೆ ಕಡಿಮೆ. ದನದ ಕೊಟ್ಟಿಗೆ, ಗ್ಯಾರೇಜು, ಗೋದಾಮು, ಮನೆ ಮೇಲಿನ ತಗಡಿನ ಚಪ್ಪರ, ಇಂಥ ಕಡೆ ಎತ್ತರ ಹದಿನೈದಡಿ, ಇಪ್ಪತ್ತಡಿ. 'ಇದೇನು ಮಹಾ, ಹಾರಿದರೂ ಆಯಿತು' ಅನ್ನಿಸುವ ಎತ್ತರ. ಲೆಕ್ಕ ಹಾಕಿ ನೋಡು: ಹದಿನೈದಡಿಯಿಂದ ಜಾರಿದವನು ನೆಲ ಮುಟ್ಟೋಕೆ ಒಂದು ಸೆಕೆಂಡು ಸಾಕು, ಮುಟ್ಟುವಾಗಿನ ವೇಗ ಗಂಟೆಗೆ 34 ಕಿಲೋಮೀಟರ್. ಆ ಒಂದು ಸೆಕೆಂಡಿನಲ್ಲಿ ಕೈ ಚಾಚಿ ಏನಾದರೂ ಹಿಡಿದುಕೊಳ್ಳುತ್ತೇನೆ ಅನ್ನುವುದು ಭ್ರಮೆ. ಕೆಳಗಿರುವುದು ಕೆಸರುಗದ್ದೆಯೂ ಅಲ್ಲ, ಕಾಂಕ್ರೀಟು, ಇಲ್ಲವೇ ಗಿರಣಿಯ ಮಷೀನು.

ಅಂಚಿನಿಂದ ಜಾರಿ ಬೀಳುವುದು ಒಂದು ಬಗೆ. ಶೀಟು ಒಡೆದು ಒಳಗೆ ಬೀಳುವುದು ಇನ್ನೊಂದು, ನನಗೆ ಹೆಚ್ಚು ಹೆದರಿಕೆ ಇದರದ್ದೇ. ಅಂಚು ಕಣ್ಣಿಗೆ ಕಾಣುತ್ತದೆ, ಹತ್ತಿರ ಹೋದಂತೆ ಕಾಲು ತಾನೇ ಹಿಂಜರಿಯುತ್ತದೆ. ಸಿಮೆಂಟ್ ಶೀಟಿನ ನಡುಮಧ್ಯ ನಿಂತವನಿಗೆ ತಾನು ನೆಲದ ಮೇಲೆ ಇದ್ದೇನೆ ಅನ್ನುವ ಧೈರ್ಯ ಇರುತ್ತದೆ. ಆ ನೆಲದ ದಪ್ಪ ಎಷ್ಟು? ಆರು ಮಿಲಿಮೀಟರ್. ಅಡಿಯಲ್ಲಿ ಶೀಟನ್ನು ಹೊರುವ ಅಡ್ಡತೊಲೆಗಳಲ್ಲಿ ಒಂದು ಪರ್ಲಿನ್‌ನಿಂದ ಇನ್ನೊಂದಕ್ಕೆ ನಾಲ್ಕೂವರೆ ಅಡಿಯವರೆಗೂ ಖಾಲಿ. ಬಿಸಿಲು ಮಳೆ ತಿಂದ ಶೀಟಿನ ಕಸುವು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನಿನ್ನೆ ತಡೆದ ಶೀಟು ಇವತ್ತೂ ತಡೆದೀತು ಅನ್ನುವ ಭರವಸೆ ಇಟ್ಟುಕೊಳ್ಳಬೇಡ. 'ಬೋಲ್ಟಿನ ಸಾಲಿನ ಮೇಲೇ ಹೆಜ್ಜೆ ಇಡ್ತೀನಿ, ಅಡಿಗೆ ಪರ್ಲಿನ್ ಇರ್ತದೆ' ಅಂತ ಹಳೇ ಕೈಗಳು ಹೇಳಿಕೊಟ್ಟಿರುತ್ತಾರೆ. ಹಗ್ಗದ ಮೇಲೆ ನಡೆಯುವ ಆಟ ಅದು. ಹೆಗಲ ಮೇಲೆ ಶೀಟು ಇದ್ದು, ಗಾಳಿ ಒಂದು ನೂಕು ನೂಕಿ, ಕಾಲು ಅರ್ಧ ಅಡಿ ಆಚೆ ಬಿದ್ದರೆ ಮುಗಿಯಿತು.

ಇನ್ನು ಬೆಳಕಿಗೆಂದು ನಡುನಡುವೆ ಹಾಕುವ ಫೈಬರ್ ಶೀಟು. ಹೊಸತರಲ್ಲಿ ಗಾಜಿನಂತೆ ಹೊಳೆಯುತ್ತದೆ, ಯಾರೂ ತುಳಿಯುವುದಿಲ್ಲ. ನಮ್ಮ ಸೀಮೆಯ ಧೂಳು ನಿನಗೆ ಗೊತ್ತಲ್ಲ. ಸಂಡೂರಿನ ಅದಿರಿನ ಕೆಂಪು ಧೂಳು ಕೂತರೆ ಫೈಬರ್ ಶೀಟೂ ಪಕ್ಕದ ತಗಡೂ ಒಂದೇ ಬಣ್ಣ. ಅಕ್ಕಿ ಗಿರಣಿಯ ಮೇಲೆ ತೌಡು, ಹೊಟ್ಟಿನ ಧೂಳು ಅದೇ ಕೆಲಸ ಮಾಡುತ್ತದೆ. ನಿನ್ನ ಅಜ್ಜಿಯ ಮನೆಯ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗಲು ಹೋದ ಹುಡುಗರಿಗೆ ಹಿರಿಯರು ಮೊದಲು ತೋರಿಸುತ್ತಿದ್ದದ್ದು ಅದು ಎಲ್ಲಿದೆ ಅನ್ನುವುದನ್ನ. ಅದರ ಮೇಲೆ ಕಲ್ಲೋ ಹಲಗೆಯೋ ಮುಚ್ಚಿರುತ್ತಿದ್ದರು. ಆ ಬುದ್ಧಿ ತಗಡಿನ ಕಾಲಕ್ಕೆ ಬರುವಾಗ ಎಲ್ಲಿ ಹೋಯಿತೋ! ಹತ್ತುವ ಮುಂಚೆ ಒಳಗೆ ಹೋಗಿ ತಲೆ ಎತ್ತಿ ನೋಡು. ಬೆಳಕು ಎಲ್ಲೆಲ್ಲಿ ಬರುತ್ತಿದೆ, ಯಾವ ಶೀಟು ಬಿರುಕು ಬಿಟ್ಟಿದೆ, ಪರ್ಲಿನ್ ಎಲ್ಲಿ ತುಕ್ಕು ತಿಂದಿದೆ, ಎಲ್ಲವೂ ಕೆಳಗಿನಿಂದಲೇ ಚೆನ್ನಾಗಿ ಕಾಣುವುದು. ಆಮೇಲೆ ಮೇಲೆ ಹೋಗಿ ಅವುಗಳಿಗೆ ಬಣ್ಣದ ಗುರುತು ಹಾಕು.

ಸಿಮೆಂಟ್ ಶೀಟಿನ ಮೇಲೆ ಓಡಾಡಲೇಬೇಕೆಂದರೆ ಕನಿಷ್ಠ ಮೂರು ಪರ್ಲಿನ್ ಮೇಲೆ ಹಾಯುವಷ್ಟು ಉದ್ದದ ಗಟ್ಟಿ ಹಲಗೆ ಬೇಕು. ಅದೂ ಎರಡು ಜೊತೆ, ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದೆ ಸರಿಸೋಕೆ. ಹಲಗೆ ಜಾರದಂತೆ ಕಟ್ಟಬೇಕು. ಅಡಿಗೆ ಬಲೆ ಕಟ್ಟುವಂತಿದ್ದರೆ ಕಟ್ಟಿಸು. ಒಂದೆರಡು ಒಡೆದ ಶೀಟು ಬದಲಿಸುವುದಷ್ಟೇ ಆದರೆ ಮೇಲೆ ಹತ್ತುವುದೇ ಬೇಡ. ಒಳಗಿನಿಂದ ಸಾರವೆ ನಿಲ್ಲಿಸಿ ಕೆಳಗಿನಿಂದಲೇ ಮಾಡಬಹುದು. ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಹಳೇ ಆಸ್ಬೆಸ್ಟಾಸ್ ಶೀಟನ್ನು ಒಡೆದು ಕೆಳಗೆ ಎಸೆಯಬೇಡ ಅಂತ ಇಲ್ಲೇ ಹೇಳಿಬಿಡುತ್ತೇನೆ. ಅದರ ಧೂಳು ಎದೆಯೊಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ.

ಬೆಲ್ಟಿನ ವಿಷಯಕ್ಕೆ ಬರೋಣ. 'ಗಿಡ್ಡ ಶೆಡ್ಡಿಗೆ ಬೆಲ್ಟು ಉಪಯೋಗ ಇಲ್ಲ' ಅನ್ನುತ್ತೀರಲ್ಲ, ಆ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕಾಲ ಬುಡದಲ್ಲಿ ಹುಕ್ಕು ಹಾಕಿದರೆ ಆರಡಿ ಹಗ್ಗ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಎಳೆತ ತಡೆಯುವ ಮಡಿಕೆ ಹರಿದು ಇನ್ನೂ ಮೂರೂವರೆ ಅಡಿ ಬಿಡುತ್ತದೆ, ಅದಕ್ಕೆ ನಿನ್ನ ಮೈಯ ಉದ್ದ ಸೇರಿಸು. ಹದಿನೈದಡಿಯ ಶೆಡ್ಡಿನಲ್ಲಿ ಹಗ್ಗ ನಿನ್ನನ್ನು ಹಿಡಿಯುವ ಹೊತ್ತಿಗೆ ನೀನು ನೆಲಕ್ಕೆ ತಾಗಿರುತ್ತೀ. ಅಂದರೆ ಕಟ್ಟುವ ರೀತಿ ತಪ್ಪು, ಬೆಲ್ಟು ತಪ್ಪಲ್ಲ. ನೆತ್ತಿಯ ಟ್ರಸ್ಸಿಗೆ ಕಟ್ಟಿದ ಹಗ್ಗವನ್ನು ನೀನು ಅಂಚಿಗೆ ತಲುಪದಷ್ಟು ಗಿಡ್ಡ ಮಾಡಿಕೊ. ಗೂಟಕ್ಕೆ ಕಟ್ಟಿದ ಎತ್ತು ಪಕ್ಕದ ಹೊಲದ ಬೆಳೆಗೆ ಬಾಯಿ ಹಾಕದಷ್ಟು ಹಗ್ಗ ಬಿಡುತ್ತೇವಲ್ಲ, ಅದೇ ಅಳತೆ. ಹುಕ್ಕು ಯಾವುದಕ್ಕೆ ಹಾಕುತ್ತೀ ಅನ್ನುವುದೂ ಅಷ್ಟೇ ಮುಖ್ಯ. ಅಮೆರಿಕದ ಕೆಲಸದ ನಿಯಮ ಒಬ್ಬ ಮನುಷ್ಯನ ಬೆಲ್ಟಿನ ಆಧಾರ 5,000 ಪೌಂಡು, ಅಂದರೆ ಸುಮಾರು 2,270 ಕಿಲೋ ತಡೆಯಬೇಕು ಅನ್ನುತ್ತದೆ. ಬಿದ್ದಾಗಿನ ಜಗ್ಗು ಬಲು ಜೋರು. ಜೆ-ಹುಕ್ಕು, ನೀರಿನ ಪೈಪು, ಕೇಬಲ್ ತಂತಿ, ಇವು ಯಾವುವೂ ಅದನ್ನು ತಡೆಯುವುದಿಲ್ಲ. ಬರೀ ಸೊಂಟಕ್ಕೆ ಕಟ್ಟುವ ಹಳೇ ಬೆಲ್ಟನ್ನೂ ನಂಬಬೇಡ. ತೊಡೆ, ಹೆಗಲು, ಎದೆ ಎಲ್ಲವನ್ನೂ ಹಿಡಿಯುವುದೇ ಬೇಕು.

ಸೆಕೆಯಲ್ಲಿ ಬೆಲ್ಟು ಮೈಗೆ ಕಚ್ಚುತ್ತದೆ ಅನ್ನುವುದು ನಿಜ. ಹೊಸಪೇಟೆಯ ಮೇ ತಿಂಗಳಲ್ಲಿ ತಗಡಿನ ಮೇಲೆ ಕೂರಲೂ ಆಗುವುದಿಲ್ಲ, ಮಳೆಗೆ ಮುಂಚೆ ಮುಗಿಸಿ ಅಂತ ಎಲ್ಲರ ಒತ್ತಾಯವೂ ಆಗಲೇ. ಬೆಳಿಗ್ಗೆ ಬೇಗ ಶುರು ಮಾಡಿ ಹನ್ನೊಂದಕ್ಕೆ ಇಳಿದುಬಿಡು, ಇಳಿಹೊತ್ತಿಗೆ ಮತ್ತೆ ಹತ್ತು. ಆಷಾಢದ ಗಾಳಿಗೆ ಎದುರಾಗಿ ಶೀಟು ಎತ್ತಬೇಡ.

ಹುಲಿಗೆಮ್ಮನಿಗೆ ಕೈಮುಗಿದು ನಿಚ್ಚಣಿಕೆ ಹತ್ತುತ್ತೀ, ಒಳ್ಳೆಯದು. 'ಹಣೇಲಿ ಬರೆದಿದ್ದು ತಪ್ಪುತ್ತದಾ ಕಾಕಾ' ಅಂತ ಮಾತ್ರ ಹೇಳಬೇಡ. 1930ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ, ಇಂಥ ಕೆಲಸದಲ್ಲಿ ಒಂದಷ್ಟು ಜನ ಸಾಯುವುದು ಸಹಜ ಅಂತ ಅಲ್ಲಿಯವರೂ ನಂಬಿದ್ದರು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಸೇತುವೆಯ ಅಡಿಗೆ ಬಲೆ ಕಟ್ಟಿಸಿದರು. ಮೇಲೆ ನಿಂತು ಸಾಹಸ ತೋರಿಸಿದವರನ್ನು ಕೆಲಸದಿಂದ ತೆಗೆದರು. ಆ ಬಲೆಗೆ ಬಿದ್ದು 19 ಜನ ಬದುಕಿದರು. 1937ರ ಫೆಬ್ರುವರಿಯಲ್ಲಿ ಭಾರವಾದ ಅಟ್ಟಣೆ ಕಳಚಿ ಬಲೆಯನ್ನೇ ಹರಿದುಕೊಂಡು ಹೋದಾಗ 10 ಜನ ತೀರಿಕೊಂಡರು, ಅದೂ ನಡೆದದ್ದೇ. ಆದರೆ ಆ 19 ಜನರ ಹಣೆಬರಹವನ್ನು ಹಗ್ಗದ ಬಲೆ ತಿದ್ದಿತು.

ಕಾನೂನು ನೋಡಿಕೊಳ್ಳುತ್ತದೆ ಅಂತ ಕೂರಬೇಡ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಬರೆದದ್ದೇ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆಗೆ. ಮೂವರು ಸೇರಿ ಹಾಕುವ ಕೊಟ್ಟಿಗೆ ಶೀಟಿನ ಹತ್ತಿರ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ನಿನಗೆ ನೀನೇ ಕಾಯ್ದೆ. ಆದರೆ ಕಾರ್ಮಿಕ ಕಾರ್ಡು ಮಾಡಿಸಿಕೊ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಇನ್ನೊಂದು ಮಾತು ನಿಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. 1923ರ ಪರಿಹಾರ ಕಾಯ್ದೆಯ ಕಾಲದಿಂದಲೂ ಒಂದು ಷರತ್ತಿದೆ: ಮಾಲೀಕ ಕೊಟ್ಟ ರಕ್ಷಣೆ ಸಾಮಾನನ್ನು ಬೇಕೆಂದೇ ಬದಿಗಿಟ್ಟು ಗಾಯ ಮಾಡಿಕೊಂಡರೆ, ಸಾವೋ ಪೂರ್ತಿ ಅಂಗವೈಕಲ್ಯವೋ ಆಗದ ಹೊರತು, ಪರಿಹಾರ ಕೇಳುವ ಹಕ್ಕು ಹೋಗಬಹುದು. ಬೆಲ್ಟನ್ನು ಗಾಡಿಯ ಡಿಕ್ಕಿಯಲ್ಲಿ ಬಿಟ್ಟು ಹತ್ತುವವನು ಇದನ್ನು ನೆನಪಿಡಬೇಕು. ರೇಟು ಮಾತಾಡುವಾಗಲೇ ಹಲಗೆ, ಹಗ್ಗ, ಸಾರವೆಯ ಬಾಡಿಗೆಯನ್ನು ಅಡಿ ಲೆಕ್ಕದಲ್ಲಿ ಸೇರಿಸಿ ಹೇಳು. ಮನೆ ಯಜಮಾನ ಹಿಂದೆಗೆದರೆ, ಅವನ ಅಂಗಳದಲ್ಲಿ ಒಬ್ಬ ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳು.

ಇಷ್ಟಾಗಿಯೂ ಒಬ್ಬ ಬಿದ್ದರೆ ನಾಲ್ಕು ಜನ ಕೈಕಾಲು ಹಿಡಿದು ಆಟೋಗೆ ಹಾಕಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯಲ್ಲೇ ಕಾಲು ಶಾಶ್ವತವಾಗಿ ಹೋಗಬಹುದು. ತಲೆ, ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಫೋನು ಮಾಡಿ. ಬೆಲ್ಟಿನಲ್ಲಿ ನೇತಾಡುತ್ತಿರುವವನನ್ನೂ 'ಬದುಕಿದ್ದಾನಲ್ಲ, ನಿಧಾನ ಇಳಿಸೋಣ' ಅಂತ ಬಿಡಬೇಡಿ. ಕಾಲಲ್ಲೇ ರಕ್ತ ನಿಂತು ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪಬಹುದು. ಅವನನ್ನು ಇಳಿಸೋಕೆ ನಿಚ್ಚಣಿಕೆ ಎಲ್ಲಿದೆ, ಯಾರು ಹತ್ತುತ್ತಾರೆ ಅನ್ನುವುದು ಕೆಲಸ ಶುರುವಾಗುವ ಮುಂಚೆಯೇ ತೀರ್ಮಾನ ಆಗಿರಲಿ.

ಈಗ ನೀನೂ ಮೇಸ್ತ್ರಿ ಆಗಿದ್ದೀ, ನಿನ್ನ ಹಿಂದೆ ಹೊಸ ಹುಡುಗರು ಬರುತ್ತಿದ್ದಾರೆ. ಹದಿನೆಂಟು ತುಂಬದವನನ್ನು ಮೇಲೆ ಹತ್ತಿಸಲೇಬೇಡ, ಅವರಪ್ಪ ಬಂದು ಕೇಳಿಕೊಂಡರೂ ಸರಿ. ಹೊಸಬನಿಗೆ ಮೊದಲ ಕೆಲವು ದಿನ ಕೆಳಗಿನ ಕೆಲಸ ಕೊಡು: ಶೀಟು ಕೊಡುವುದು, ಹಗ್ಗ ಕಟ್ಟುವುದು, ಹುಕ್ಕು ಪರೀಕ್ಷೆ ಮಾಡುವುದು, ನಿಚ್ಚಣಿಕೆ ನಿಲ್ಲಿಸುವುದು. ಹನ್ನೆರಡಡಿ ಎತ್ತರಕ್ಕೆ ಬುಡ ಮೂರಡಿ ಹೊರಗೆ, ತುದಿ ಸೂರಿನಿಂದ ಮೂರಡಿ ಮೇಲೆ, ತುದಿಯನ್ನು ಕಟ್ಟಿದ ಮೇಲಷ್ಟೇ ಕೆಲಸದ ಹತ್ತುವಿಕೆ. ಮೇಲೆ ಹೋದವನು ಹೆದರಿ ನಿಂತರೆ ಯಾರೂ ನಗಕೂಡದು, ನಗುವವನನ್ನು ಆವತ್ತೇ ಕೆಳಗಿಳಿಸು. 'ನನಗೆ ಈ ಶೀಟಿನ ಮೇಲೆ ಅನುಮಾನ ಅಣ್ಣಾ' ಅಂತ ಅವನು ಅಂದರೆ ನೀನೇ ಒಳಗೆ ಹೋಗಿ ನೋಡಿ ಬಾ. ನೀನು ಬೆಲ್ಟು ಹಾಕಿ ಹತ್ತಿದರೆ ಅವನು ಕೇಳದೆಯೇ ಹಾಕುತ್ತಾನೆ. ನೀನು ಹಾಗೇ ಹತ್ತಿದರೆ, ನಾನು ಹೇಳಿದ ಇಷ್ಟು ಮಾತಿನಲ್ಲಿ ಒಂದೂ ಅವನ ಕಿವಿಗೆ ಹೋಗುವುದಿಲ್ಲ.