ಬನೀ ಮಜಾರ್ ಬಂದಾಗ ಎದ್ದಿರು

ಈಜಿಪ್ಟಿಗೆ ಟಿಕೆಟ್ ಆಯಿತಂತೆ, ನಿನ್ನಮ್ಮ ಫೋನ್ ಮಾಡಿದ್ದಳು. ಪಿರಮಿಡ್ಡಿನ ಬಗ್ಗೆ ನಾನು ಹೇಳುವುದೇನಿಲ್ಲ ಕಣಪ್ಪ. 4,500 ವರ್ಷದಿಂದ ನಿಂತಿರೋದು ತನ್ನನ್ನು ತಾನೇ ತೋರಿಸಿಕೊಳ್ಳುತ್ತೆ. ದೂರದಿಂದ ಫೋಟೊ ಹೊಡೆದು ವಾಪಸ್ ಬರಬೇಡ, ಬುಡದಲ್ಲಿ ನಿಲ್ಲು. ಒಂದೊಂದು ಕಲ್ಲೂ ಎದೆಮಟ್ಟ ಬರುತ್ತೆ. ಒಂಟೆ ಹತ್ತುವ ಮುಂಚೆ, ಇಳಿಸುವುದಕ್ಕೂ ಸೇರಿಸಿ ರೇಟು ಮಾತಾಡಿಕೋ.

ನನ್ನ ಮಾತಿರೋದು ಕೈರೋದಿಂದ ಲಕ್ಸರಿಗೆ ಹೋಗುವ ರೈಲಿನ ಬಗ್ಗೆ. ಬಲಗಡೆ ಕಿಟಕಿ ಹಿಡಿ. ನಾನು ಹೋದಾಗ ಮೊಸರನ್ನ ಉಂಡವನ ಹಾಗೆ ನಿದ್ದೆ ಹೊಡೆದೆ. ದಾರಿಯಲ್ಲಿ ಬನೀ ಮಜಾರ್ ಅಂತ ಊರು. ಅದರ ಪಶ್ಚಿಮಕ್ಕೆ, ಮರಳುಗಾಡಿನ ಅಂಚಿನಲ್ಲಿ ಬಹ್ನಸಾ. ಗ್ರೀಕರ ಕಾಲದಲ್ಲಿ ಅದು ಆಕ್ಸಿರಿಂಕಸ್. ಅಲ್ಲಿ ಪಿರಮಿಡ್ಡಿಲ್ಲ. ಇದ್ದದ್ದು ಊರವರು ನೂರಾರು ವರ್ಷ ಸುರಿದ ಕಸದ ಗುಡ್ಡೆ. 1896ರಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ಅದನ್ನು ಅಗೆದರು. ಮಳೆ ಕಾಣದ ನೆಲ, ಪಪೈರಸ್ ಕೊಳೆತಿರಲಿಲ್ಲ. ಸಾಲದ ಪತ್ರ, ಮನೆ ಕಾಗದ, ನಾಟಕ, ಏನೇನೋ ಸಿಕ್ಕವು.

ಅವುಗಳಲ್ಲಿ 1903ರಲ್ಲಿ ಅಚ್ಚಾದ 413ನೇ ಹಾಳೆ ಒಂದು ಗ್ರೀಕ್ ಪ್ರಹಸನ. ಭಾರತದ ಕರಾವಳಿಯ ರಾಜನೊಬ್ಬನ ಸೆರೆಯಲ್ಲಿ ಗ್ರೀಕ್ ಹೆಣ್ಣು. ಅವಳ ಅಣ್ಣ ಬರುತ್ತಾನೆ, ನೀರು ಬೆರೆಸದ ಮದ್ಯ ಕುಡಿಸಿ ರಾಜನ ಕಡೆಯವರನ್ನು ಕೆಡವಿ ಅವಳನ್ನು ಹಡಗು ಹತ್ತಿಸುತ್ತಾನೆ. ಆ ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಮದರಾಸಿನಲ್ಲಿ ಶಾಸನ ಓದಿ ಪಳಗಿದ್ದ ಜರ್ಮನ್ ವಿದ್ವಾಂಸ ಹುಲ್ಷ್, ಮರುವರ್ಷವೇ ಅದು ಕನ್ನಡವಿರಬಹುದು ಅಂದರು. 'ಕೊಂಚ', 'ಪಾತ್ರಕ್ಕೆ' ಎನ್ನುವಂಥ ಪದಗಳು ಅವರ ಕಣ್ಣಿಗೆ ಬಿದ್ದವು.

ಮುಂದೆ ಅದನ್ನು ಕೈಗೆತ್ತಿಕೊಂಡವರು ನಮ್ಮ ಮೈಸೂರಿನಲ್ಲೇ ಇದ್ದ ಆರ್. ಶಾಮಶಾಸ್ತ್ರಿ. ಓರಿಯೆಂಟಲ್ ಲೈಬ್ರರಿಯ ಓಲೆಗರಿ ಕಟ್ಟಿನಲ್ಲಿ ಅರ್ಥಶಾಸ್ತ್ರ ಕಂಡು, 1909ರಲ್ಲಿ ಅಚ್ಚು ಹಾಕಿಸಿದರಲ್ಲ, ಅವರೇ. ಮಂಜೇಶ್ವರದಲ್ಲಿ ಕೂತು ಗೋವಿಂದ ಪೈಗಳೂ ಬರೆದರು. ಗ್ರೀಕ್ ಲಿಪಿಯಲ್ಲಿ, ಕಿವಿಗೆ ಬಿದ್ದಂತೆ ಗೀಚಿದ ಶಬ್ದಗಳನ್ನು ಎಲ್ಲಿ ಒಡೆಯಬೇಕು ಅಂತ ಮೈಸೂರಿನಲ್ಲಿ ಕೂತು ತಲೆಕೆಡಿಸಿಕೊಳ್ಳುವುದಿದೆಯಲ್ಲ, ಅದು ನನಗೆ ಪಿರಮಿಡ್ಡಿಗಿಂತ ಸೋಜಿಗ.

ಹಾಗಂತ ಗೈಡ್ ಮುಂದೆ "ನಿಮ್ಮ ದೇಶದಲ್ಲಿ ನಮ್ಮ ಕನ್ನಡ" ಅಂತ ಎದೆ ತಟ್ಟಿಕೊಳ್ಳಬೇಡ. ಹಾಳೆ ಎರಡನೇ ಶತಮಾನದ್ದು. ಹೋಲಿಸಿ ನೋಡಲು ಅಷ್ಟು ಹಳೆಯ ಕನ್ನಡ ನಮ್ಮಲ್ಲಿಲ್ಲ, ನಮ್ಮ ಹಲ್ಮಿಡಿ ಶಾಸನವೇ ಸುಮಾರು 450ರದ್ದು. ಹಾಳೆಯಲ್ಲಿರುವ ಮಾತು ಕನ್ನಡವಲ್ಲ, ಬೇರೆ ಭಾಷೆ ಅನ್ನುವವರಿದ್ದಾರೆ. ಬರೀ ನಗಿಸಲು ಹೊಸೆದ ಗದ್ದಲ ಅನ್ನುವವರೂ ಇದ್ದಾರೆ. ಕನ್ನಡವೇ ಆಗಿರಲಿ ಅಂತ ನನಗೂ ಆಸೆಯೇ. ಆಸೆಯನ್ನು ಆಸೆ ಅಂತಲೇ ಹೇಳು, ಸಾಕು.

ಹೊರಡುವ ಮುಂಚೆ ಒಂದು ಬೆಳಿಗ್ಗೆ ಮನೆಗೆ ಬಾ. ಕಾಫಿ ಕುಡಿದು ಓರಿಯೆಂಟಲ್ ಲೈಬ್ರರಿ ತನಕ ನಡೆದು ಬರೋಣ. ಬನೀ ಮಜಾರಿನಲ್ಲಿ ಕಿಟಕಿಯಾಚೆ ಹೊಲ, ಕಾಲುವೆ, ಖರ್ಜೂರದ ಮರ ಬಿಟ್ಟು ಏನೂ ಕಾಣದು. ಆದರೂ ಎದ್ದಿರು. ನನ್ನ ಲೆಕ್ಕಕ್ಕೂ ಸೇರಿಸಿ ನೋಡಿ ಬಾ.