ಬ್ಯಾಟರಿ ಸೋಲುವ ಮುನ್ನ ಕ್ಯಾಲ್ಕುಲೇಟರ್ ಕೊಡುವ ಸೂಚನೆಗಳು

ವಾಣಿಜ್ಯ ವಿಭಾಗದ ನಮಗೆ ಪೆನ್ನಿನಷ್ಟೇ ಹತ್ತಿರದ ವಸ್ತು ಕ್ಯಾಲ್ಕುಲೇಟರ್. ತಾಳೆಪಟ್ಟಿ ಹೊಂದದಿದ್ದರೆ ನಮೂದುಗಳಲ್ಲಿ ತಪ್ಪು ಹುಡುಕುತ್ತೇವೆ, ಕ್ಯಾಲ್ಕುಲೇಟರ್ ಮೇಲೆ ಮಾತ್ರ ಅನುಮಾನ ಪಡುವುದಿಲ್ಲ. ಆದರೆ ಅದರ ಬ್ಯಾಟರಿ ದುರ್ಬಲವಾದಾಗ ಏನಾಗುತ್ತದೆ? ಇದಕ್ಕೆ ಉತ್ತರ ಬೇಕಾದರೆ ಜೇಬಿನ ಕ್ಯಾಲ್ಕುಲೇಟರ್‌ಗಳ ಆರಂಭದ ದಿನಗಳನ್ನು ನೋಡಬೇಕು.

ಬೆಳಗುವ ಅಂಕಿಗಳ ಕಾಲ

1972ರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಎಚ್‌ಪಿ-35 ಎಂಬ ಯಂತ್ರವನ್ನು 395 ಡಾಲರ್ ಬೆಲೆಗೆ ಮಾರುಕಟ್ಟೆಗೆ ತಂದಿತು. ಅದರ ಅಂಕಿಗಳು ಕೆಂಪು ಎಲ್‌ಇಡಿ ದೀಪಗಳಿಂದ ಬೆಳಗುತ್ತಿದ್ದವು. ಮೂರು ನಿಕಲ್-ಕ್ಯಾಡ್ಮಿಯಂ ಸೆಲ್‌ಗಳನ್ನು ಚಾರ್ಜ್ ಮಾಡಿದರೆ ಕೆಲವೇ ಗಂಟೆ ಕೆಲಸ ನಡೆಯುತ್ತಿತ್ತು.

ಎಲ್‌ಇಡಿಯಲ್ಲಿ ಪ್ರತಿ ಅಂಕಿಯೂ ಏಳು ಗೆರೆಗಳಿಂದ ರೂಪುಗೊಳ್ಳುತ್ತದೆ. ‘1’ ಬರೆಯಲು ಎರಡು ಗೆರೆ ಸಾಕು, ‘8’ಕ್ಕೆ ಏಳೂ ಬೇಕು. ಎಂಟು ಅಂಕಿಯ ಪರದೆಯಲ್ಲಿ 11111111 ಎಂದರೆ 16 ಗೆರೆ, 88888888 ಎಂದರೆ 56 ಗೆರೆ. ಹೆಚ್ಚು ಗೆರೆ ಬೆಳಗಿದಷ್ಟೂ ಬ್ಯಾಟರಿ ಹೆಚ್ಚು ಖರ್ಚಾಗುತ್ತದೆ. ಉತ್ತರವನ್ನು ಹಾಗೆಯೇ ಪರದೆಯ ಮೇಲೆ ಬಿಟ್ಟು ಯೋಚಿಸುತ್ತ ಕೂತರೂ ಖರ್ಚು ನಡೆಯುತ್ತಲೇ ಇರುತ್ತದೆ.

ನಿಕಲ್-ಕ್ಯಾಡ್ಮಿಯಂ ಸೆಲ್ ಸುಮಾರು 1.2 ವೋಲ್ಟ್‌ನಲ್ಲಿ ಬಹಳ ಹೊತ್ತು ಸ್ಥಿರವಾಗಿದ್ದು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಬಳಸುವವರಿಗೆ ಮುನ್ಸೂಚನೆ ಅಗತ್ಯವಾಗಿತ್ತು. ಎಚ್‌ಪಿ-35ರಲ್ಲಿ ವೋಲ್ಟೇಜ್ ಇಳಿದಾಗ ಪರದೆಯ ತುಂಬ ದಶಾಂಶ ಬಿಂದುಗಳು ಬೆಳಗುತ್ತಿದ್ದವು. ಅಂದರೆ ಇನ್ನು ಕೆಲವೇ ನಿಮಿಷ, ಉತ್ತರವನ್ನು ಬರೆದುಕೊಳ್ಳಿ ಎಂದರ್ಥ.

ಉಳಿತಾಯದ ಎರಡು ದಾರಿಗಳು

ಅದೇ 1972ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಎಕ್ಸಿಕ್ಯುಟಿವ್ ಇನ್ನೊಂದು ಉಪಾಯ ಮಾಡಿತು. ಚಿಪ್‌ಗೆ ವಿದ್ಯುತ್ತನ್ನು ಸತತವಾಗಿ ಕೊಡದೆ, ಅತಿ ವೇಗವಾಗಿ ಕೊಟ್ಟು ನಿಲ್ಲಿಸುತ್ತಿತ್ತು. ನಿಲ್ಲಿಸಿದ ಆ ಕ್ಷಣದಲ್ಲಿ ಚಿಪ್‌ನೊಳಗೆ ಉಳಿದ ವಿದ್ಯುದಂಶವೇ ಅಂಕಿಗಳನ್ನು ಹಿಡಿದಿಡುತ್ತಿತ್ತು. ಹೀಗಾಗಿ ಚಿಕ್ಕ ಬಟನ್ ಸೆಲ್‌ಗಳಿಂದಲೇ ಯಂತ್ರ ನಡೆಯಿತು.

1973ರಲ್ಲಿ ಜಪಾನಿನ ಶಾರ್ಪ್ ಕಂಪನಿಯ ಇಎಲ್-805 ಎಲ್‌ಸಿಡಿ ಪರದೆಯೊಂದಿಗೆ ಬಂದಿತು. ಎಲ್‌ಸಿಡಿ ತಾನೇ ಬೆಳಗುವುದಿಲ್ಲ, ಹೊರಗಿನ ಬೆಳಕನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಒಂದೇ ಪೆನ್ಸಿಲ್ ಸೆಲ್‌ನಲ್ಲಿ ಸುಮಾರು 100 ಗಂಟೆ ಕೆಲಸ ಸಾಧ್ಯವಾಯಿತು. ಇಂದಿನ ನಮ್ಮ ಅಂಗಡಿಗಳ ಕ್ಯಾಲ್ಕುಲೇಟರ್‌ಗಳೂ ಎಲ್‌ಸಿಡಿ ಪರದೆಯವೇ.

1981ರಲ್ಲಿ ಬಂದ ಹಣಕಾಸು ಲೆಕ್ಕದ ಎಚ್‌ಪಿ-12ಸಿ ಮೂರು ಬಟನ್ ಸೆಲ್‌ಗಳಿಂದ ನಡೆಯುತ್ತಿತ್ತು. ಬ್ಯಾಟರಿ ಕಡಿಮೆಯಾದರೆ ಪರದೆಯ ಎಡಮೂಲೆಯಲ್ಲಿ ಒಂದು ನಕ್ಷತ್ರ ಚಿಹ್ನೆ ಮಿನುಗುತ್ತಿತ್ತು. ಯಂತ್ರವನ್ನು ಆರಿಸಿದರೂ ಸಂಖ್ಯೆಗಳು ಅದರ ಮೆಮೊರಿಯಲ್ಲಿ ಉಳಿಯುತ್ತಿದ್ದುದರಿಂದ ಈ ಸೂಚನೆ ಬಹಳ ಮುಖ್ಯವಾಗಿತ್ತು.

ಸೆಲ್‌ಗಳ ಸ್ವಭಾವ

ಎಲ್‌ಆರ್44 ಎಂಬ ಆಲ್ಕಲೈನ್ ಬಟನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ನಿಧಾನವಾಗಿ ಇಳಿಯುತ್ತದೆ. ಪರದೆ ದಿನೇ ದಿನೇ ಮಸುಕಾಗುತ್ತದೆ, ನಮಗೂ ಗೊತ್ತಾಗುತ್ತದೆ. ಅದೇ ಅಳತೆಯ ಎಸ್‌ಆರ್44 ಸಿಲ್ವರ್ ಆಕ್ಸೈಡ್ ಸೆಲ್ 1.55 ವೋಲ್ಟ್‌ನಲ್ಲೇ ಬಹುಕಾಲ ನಿಲ್ಲುತ್ತದೆ, ಆದರೆ ಕೊನೆ ಬಂದಾಗ ಬೇಗ ಇಳಿದುಬಿಡುತ್ತದೆ. ಮೊದಲನೆಯದು ಬಾಕಿಯನ್ನು ಕಂತುಗಳಲ್ಲಿ ತೀರಿಸುವ ಗಿರಾಕಿಯಂತೆ. ಎರಡನೆಯದು ಚೆನ್ನಾಗಿಯೇ ವ್ಯಾಪಾರ ಮಾಡುತ್ತಿದ್ದು ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲು ಮುಚ್ಚುವ ಅಂಗಡಿಯಂತೆ.

ಅಪಾಯ ಎಲ್ಲಿದೆ?

ಪರದೆ ಪೂರ್ತಿ ಆರಿದರೆ ನಷ್ಟ ಕಡಿಮೆ, ಬೇರೆ ಕ್ಯಾಲ್ಕುಲೇಟರ್ ತರುತ್ತೇವೆ. ಅಪಾಯ ಇರುವುದು ಅರೆಬರೆ ಕಾಣುವಾಗ. ‘8’ರ ಬಲ ಮೇಲಿನ ಗೆರೆ ಕಣ್ಣಿಗೆ ಬೀಳದಿದ್ದರೆ ಅದು ‘6’, ಎಡ ಕೆಳಗಿನದು ಹೋದರೆ ‘9’, ನಡುವಿನದು ಹೋದರೆ ‘0’. ‘7’ರ ಮೇಲಿನ ಗೆರೆ ಹೋದರೆ ಅದು ‘1’. ರೂ. 8,500ನ್ನು ರೂ. 6,500 ಎಂದು ಓದಿ ಅಂತಿಮ ಸರಕಿನ ಮೌಲ್ಯ ಬರೆದರೆ, ನಿವ್ವಳ ಲಾಭವೇ ರೂ. 2,000 ಕಡಿಮೆಯಾಗುತ್ತದೆ. ಅದೇ ತಪ್ಪು ಮೊತ್ತ ಅಢಾವೆ ಪತ್ರಿಕೆಯ ಆಸ್ತಿಯ ಕಡೆಗೂ ಹೋಗುವುದರಿಂದ ಎರಡೂ ಬದಿ ಸರಿಹೊಂದಿಬಿಡುತ್ತವೆ, ತಪ್ಪು ಬೆಳಕಿಗೇ ಬರುವುದಿಲ್ಲ! ನಮ್ಮ ಮನೆಮಾತು ಉರ್ದುವಿನಲ್ಲಿ ಲೆಕ್ಕಕ್ಕೆ ‘ಹಿಸಾಬ್’ ಎನ್ನುತ್ತೇವೆ. ಹಿಸಾಬ್ ಯಾವ ಭಾಷೆಯಲ್ಲಿ ಮಾಡಿದರೂ ಸರಿ, ಅಂಕಿ ಮಾತ್ರ ಸರಿಯಾಗಿ ಕಾಣಲೇಬೇಕು.

ನಾವು ಮಾಡಬಹುದಾದ ಪರೀಕ್ಷೆಗಳು

1. 11111111 ಒತ್ತಿ 8ರಿಂದ ಗುಣಿಸಿ. ಉತ್ತರ 88888888 ಬರಬೇಕು. ಎಂಟೂ ಸ್ಥಾನಗಳ ಏಳೂ ಗೆರೆಗಳು ಒಂದೇ ಸಮ ಕಪ್ಪಾಗಿವೆಯೇ ನೋಡಿ.

2. ಸೋಲಾರ್ ಮತ್ತು ಬ್ಯಾಟರಿ ಎರಡೂ ಇರುವ ಯಂತ್ರದಲ್ಲಿ ಮೇಲಿನ ಸೋಲಾರ್ ಪಟ್ಟಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ. ಅಂಕಿಗಳು ಮಸುಕಾದರೆ ಬ್ಯಾಟರಿ ಮುಗಿದಿದೆ, ಯಂತ್ರ ಬೆಳಕಿನಿಂದಷ್ಟೇ ನಡೆಯುತ್ತಿದೆ ಎಂದರ್ಥ. ಅಂಥದ್ದನ್ನು ನಂಬಿದರೆ ಕರೆಂಟ್ ಹೋದ ಸಂಜೆ ಅರ್ಧ ಕೂಡಿಸಿದ ಮೊತ್ತವೂ ಹೋಗುತ್ತದೆ.

3. ಸೆಲ್ ಬದಲಿಸುವ ಮುನ್ನ ಮೆಮೊರಿಯಲ್ಲಿರುವ ಮೊತ್ತವನ್ನು ಕಾಗದದ ಮೇಲೆ ಬರೆದಿಡಿ. ಎರಡು ಸೆಲ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ.

4. ಬಳಸದ ಕ್ಯಾಲ್ಕುಲೇಟರ್‌ನಲ್ಲಿ ಹಳೆಯ ಸೆಲ್ ಬಿಡಬೇಡಿ. ಅದು ಸೋರಿದರೆ ಒಳಗಿನ ಲೋಹದ ಪಟ್ಟಿಗಳು ತುಕ್ಕು ಹಿಡಿಯುತ್ತವೆ. ತೆಗೆದ ಬಟನ್ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ಪ್ರಾಣಕ್ಕೇ ಅಪಾಯ.

ಒಂದು ಬಟನ್ ಸೆಲ್‌ನ ಬೆಲೆ ಲೆಕ್ಕಶಾಸ್ತ್ರದ ಪ್ರಕಾರ ಸಣ್ಣದೊಂದು ಕಂದಾಯ ವೆಚ್ಚ. ಅದನ್ನು ಉಳಿಸಲು ಹೋಗಿ ಇಡೀ ಲೆಕ್ಕವನ್ನೇ ಕೆಡಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ. ಪರೀಕ್ಷೆ ಹತ್ತಿರ ಬರುತ್ತಿದೆ, ಇವತ್ತೇ 11111111 ಒತ್ತಿ ನೋಡಿ.